ಇನ್ನರ್ಧ ರೊಟ್ಟಿ

ಮಹಾನಂದಾ,

ನಾನು ಲಲಿತಾಬಾಯಿ, ಕಮಲಾಪುರದ ಈ ಮನೆಯ ಹಿರಿಯಳು, ನಿನ್ನ ಅತ್ತೆ. ಇಲ್ಲಿ ನನಗೆ ಯಾರೂ ಎದುರಾಡುವುದಿಲ್ಲ.

ಮೊನ್ನೆ ಆರು ತಿಂಗಳ ಬಸುರಿ ಕಿರಿಸೊಸೆ ಸುವರ್ಣಾಳನ್ನು ಕಲಬುರಗಿಯ ದವಾಖಾನೆಗೆ ಕರೆದೊಯ್ದೆ. ಹೊಟ್ಟೆಯಲ್ಲಿ ಕೂಸು ಬೆಳೆದಿಲ್ಲ ಎಂದರು ಡಾಕ್ಟರು.

“ಅಡಿಗಿ ಯಾರು ಮಾಡ್ತಾರ್ರೀ?”

“ಸೊಸಿನೇ, ಕಟ್ಟಿಗಿ ಒಲಿ ಮ್ಯಾಲ. ರಾತ್ರಿ ಅರ್ಧ ರೊಟ್ಟಿ ಕೊಡ್ತೇನಿ. ಕೂಸು ಸಣ್ಣದಿದ್ರ ಹೆರಿಗಿ ಸಸಾರ.”

“ಅಮ್ಮಾ, ಕೂಸಿಗೆ ಹೊಗಿ ಉಣಿಸಿ ರೊಟ್ಟಿ ಉಳಿಸೀರಲ್ರೀ! ಇನ್ನ ತಿನಿಸಿದ್ರೂ ಕೂಸು ಉಳೀತದಂತ ಹೇಳಾಕ ಬರಂಗಿಲ್ಲ.”

ನಿನಗೂ ಅರ್ಧವೇ ಕೊಟ್ಟಿದ್ದೆ. ಒಮ್ಮೆ ನೀನು ಇನ್ನರ್ಧ ಕೇಳಿದ್ದು ನೆನಪಿದೆ. ಹೆರಿಗೆಗೆ ಹೋದ ನೀನೂ ಕೂಸೂ ಉಳಿಯಲಿಲ್ಲ. ಅದು ನಿನ್ನ ಹಣೆಬರಹವೆಂದು ಎಲ್ಲರಿಗೂ ಹೇಳಿದೆ.

ನಿನ್ನೆ, ಏಳನೇ ತಿಂಗಳ ಕುಬಸದ ಶಾಸ್ತ್ರಕ್ಕೂ ಕಾಯದೆ, ಸುವರ್ಣಾಳನ್ನು ಗ್ಯಾಸ್ ಒಲೆಯಿರುವ ತವರಿಗೆ ಕಳಿಸಿದೆ. ಇಂದು ಇಲ್ಲಿ ಕಟ್ಟಿಗೆ ಒಲೆಯ ಮುಂದೆ ನಾನೇ ಕೂತು ರೊಟ್ಟಿ ಬಡಿದೆ.