ಅಳಿಯಂದಿರು ಹಾಕಿದ ಗಂಟು

ಬನಹಟ್ಟಿ

ಪ್ರಭುಲಿಂಗ ಕಾಕಾ ಅವರಿಗೆ, ನಿಮ್ಮ ಶೆಡ್ಡಿನ ಕಂಪ್ಯೂಟರ್ ನೋಡಿಕೊಳ್ಳುವ ಕರೆಪ್ಪನ ನಮಸ್ಕಾರ.

ನಿಮ್ಮ ಮಗ್ಗಗಳು ನಿನ್ನೆಯಿಂದ ನಿಂತಿವೆ. ಸೀರೆಯ ದಡಿಯ, ಅಂದರೆ ಅಂಚಿನ, ಚಿತ್ತಾರ ಬಿಡಿಸುವ ಕಂಪ್ಯೂಟರ್ ಏಳುತ್ತಿಲ್ಲ. ಕೆಡಿಸಿದವರು ನಿಮ್ಮ ಮನೆಯ ಅಳಿಯಂದಿರು. ಎದುರಿಗೆ ಅನ್ನುವಂತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮಗೆ ಬೇಕಿದ್ದುದು ದಡಿ ಬಿಡಿಸುವ ಪ್ರೋಗ್ರಾಮಿನ ಹೊಸ ಆವೃತ್ತಿ ಮಾತ್ರ. ಕಂಪ್ಯೂಟರನ್ನು ನಡೆಸುವ ನಮ್ಮ ಹಳೆಯ, ಗಟ್ಟಿ ಡೆಬಿಯನ್‌ಗೆಂದೇ ಹೊಂದಿಸಿದ್ದು ಅದರದೇ ಭಂಡಾರವಾದ ಬ್ಯಾಕ್‌ಪೋರ್ಟ್ಸ್‌ನಲ್ಲಿ ಸಿಗುತ್ತದೆ. ಅದೊಂದನ್ನೇ ಹಾಕಿಕೊಂಡರೆ ಉಳಿದದ್ದು ಅಲುಗುವುದಿಲ್ಲ. ಅಳಿಯಂದಿರು ಇನ್ನೂ ಪರೀಕ್ಷೆಯಲ್ಲಿರುವ ಡೆಬಿಯನ್ನನ್ನೇ ತಂದು ಎಲ್ಲವನ್ನೂ ಬದಲಿಸಲು ಹೊರಟರು. ಅರ್ಧಕ್ಕೆ ಕೆಟ್ಟು ನಿಂತಿತು.

ಕೇಳಿದರೆ, "ಹಾಸು ಮುಗಿದ್ರ ಹೊಸಾ ಹಾಸಿನ ಎಳಿ ಎಲ್ಲಾ ಹಳೇದಕ್ಕ ಗಂಟ ಹಾಕ್ತೀರಿಲ್ಲೋ? ನಾನೂ ಹಂಗ ಮಾಡೇನಿ" ಎಂದರು. ನೂಲು ಯಾವ ನೂಲಿಗಾದರೂ ಕೂಡುತ್ತದೆ, ಪ್ರೋಗ್ರಾಮು ಕೂಡುವುದಿಲ್ಲ. ಹೊಸದರ ಚಟ, ನಮಗೆಲ್ಲ ಕಾಟ.

ನೇಯುವ ದಾನಮ್ಮ ಕೈಕಟ್ಟಿ ಕುಳಿತು, "ಅಳಿಯಾರ, ಗಂಟೇನೋ ಹಾಕಿದ್ರಿ, ಬಿಚ್ಚಾವ್ರು ಯಾರ್ರಿ?" ಎಂದಳು. ಅವರು ಇನ್ನೊಂದು ಚಹಾ ಕೇಳಿದರು. ಕೀಬೋರ್ಡಿನ ಸಂದಿಯಲ್ಲಿ ಅವರು ತಿಂದ ಚೂಡಾ ಇನ್ನೂ ಇದೆ. 

ಕಂಪ್ಯೂಟರಿನಲ್ಲಿದ್ದ ಎಲ್ಲದರ, ಕೆಡುವ ಮೊದಲಿನ ಪ್ರತಿ ನನ್ನ ಬಳಿ ಇದೆ, ಮರಳಿ ಕೂಡಿಸಿಕೊಡುತ್ತೇನೆ. ಆದರೆ ಇನ್ನು ಮುಂದೆ ಪಾಸ್‌ವರ್ಡ್ ಅವರಿಗೆ ಕೊಡಕೂಡದು. ಕೊಟ್ಟರೆ ನಾನು ಈ ಕೆಲಸ ಬಿಟ್ಟು ತೇರದಾಳದ ಬೇರೊಂದು ಮಗ್ಗದ ಶೆಡ್ಡಿಗೆ ಹೋಗುತ್ತೇನೆ. ಮದುವೆಯಲ್ಲಿ ಅವರ ಕಾಲು ತೊಳೆದವರು ನೀವು. ಕೈ ಹಿಡಿದು ತಡೆಯಬೇಕಾದವರೂ ನೀವೇ.

ನಿಮ್ಮ ಮಾತಿಗೆ ಕಾದಿರುವ,
ಕರೆಪ್ಪ