ಹನ್ನೆರಡನೇ ಪುಟದ ಮಾತು

ಠಾಣಾಧಿಕಾರಿಗಳಿಗೆ ನಮಸ್ಕಾರ.

ಗುರುವಾರ ಬೆಳಿಗ್ಗೆ ನೀವು ಕರೆದೊಯ್ದ ಪತ್ರಕರ್ತರ ಹೆಂಡತಿ ನಾನು. ಅವಸರದಲ್ಲಿ ಅವರ ಕನ್ನಡಕ ಊಟದ ಮೇಜಿನ ಮೇಲೇ ಉಳಿಯಿತು. ಈ ಪತ್ರದ ಜೊತೆ ಕಳಿಸಿದ್ದೇನೆ, ದಯವಿಟ್ಟು ಕೊಡಿಸಿ. ಅದಿಲ್ಲದೆ ಅವರು ಓದಲಾರರು. ಓದದೆ ಯಾವ ಕಾಗದಕ್ಕೂ ಸಹಿ ಹಾಕುವವರಲ್ಲ.

ಇನ್ನೊಂದು ವಿಷಯ. ನೀವು ಜಪ್ತಿ ಮಾಡಿದ ನೀಲಿ ನೋಟ್‌ಬುಕ್ಕಿನ ಹನ್ನೆರಡನೇ ಪುಟವನ್ನು ನಿಮ್ಮ ಪೇದೆ ನಮ್ಮ ನಡುಮನೆಯಲ್ಲೇ ಗಟ್ಟಿಯಾಗಿ ಓದಿದರು: "ಪ್ರಶ್ನೆ ಕೇಳಿದವರನ್ನು ಜೈಲಿಗೆ ತಳ್ಳುವ ಸರ್ಕಾರವನ್ನು ಜನ ಕಿತ್ತೊಗೆಯಬೇಕು." ಆಗ ನೀವು, "ನೋಡಮ್ಮ, ನಿಮ್ಮ ಯಜಮಾನ್ರು ಬರೆದಿರೋ ಈ ಒಂದು ಸಾಲು ಸಾಕು ನಮಗೆ" ಅಂದಿರಿ.

ಅದಕ್ಕೆ ಉತ್ತರ ಈಗ ಕೊಡುತ್ತಿದ್ದೇನೆ. ಅಕ್ಷರ ಅವರದು, ಮಾತು ಅವರದಲ್ಲ. ನಾಯಕರ ಭಾಷಣಗಳನ್ನು ಅವರು ಕೈಯಾರೆ ನಕಲು ಮಾಡಿಕೊಳ್ಳುತ್ತಾರೆ. ಯಾರು, ಎಲ್ಲಿ, ಯಾವತ್ತು ಹೇಳಿದ್ದು ಎಂಬುದನ್ನೆಲ್ಲ ಕೊನೆಯ ಹಾಳೆಯಲ್ಲಿ ಬರೆದಿಡುತ್ತಾರೆ. ಅಂದು ಆಡಿದ್ದಕ್ಕೂ ಇಂದು ಮಾಡುತ್ತಿರುವುದಕ್ಕೂ ತಾಳೆ ನೋಡುವುದೇ ಅವರ ಕೆಲಸ. ಇಪ್ಪತ್ತು ವರ್ಷದಿಂದ ನಮ್ಮ ಮನೆಯಲ್ಲಿ ಅನ್ನ ಬೇಯುತ್ತಿರುವುದು ಅದರಿಂದಲೇ.

ನೋಟ್‌ಬುಕ್ಕನ್ನು ನ್ಯಾಯಾಲಯಕ್ಕೆ ಒಪ್ಪಿಸುವಾಗ ಆ ಕೊನೆಯ ಹಾಳೆ ಹರಿಯದಂತೆ ನೋಡಿಕೊಳ್ಳಿ. ಎಷ್ಟು ಹಾಳೆಗಳಿವೆ ಎಂದು ಎಣಿಸಿ, ಜಪ್ತಿ ಪಟ್ಟಿಯಲ್ಲಿ ಬರೆಸಿಯೇ ನಾನು ಸಹಿ ಹಾಕಿದ್ದು.

ಅದನ್ನು ತೆರೆದು ನೋಡಲು ನಿಮಗೆ ಪುರುಸೊತ್ತಿಲ್ಲದಿದ್ದರೆ ನಾನೇ ಹೇಳಿಬಿಡುತ್ತೇನೆ. ಹನ್ನೆರಡನೇ ಪುಟದ ಮಾತನ್ನು ವಿರೋಧ ಪಕ್ಷದಲ್ಲಿದ್ದಾಗ ಆಡಿದವರ ಫೋಟೊ ನಿಮ್ಮ ಕುರ್ಚಿಯ ಹಿಂದಿನ ಗೋಡೆಯಲ್ಲಿದೆ. ನಿನ್ನೆ ಠಾಣೆಯ ಬೆಂಚಿನ ಮೇಲೆ ಮೂರು ಗಂಟೆ ಅದನ್ನೇ ನೋಡುತ್ತ ಕೂತಿದ್ದೆ.

ಇಂತಿ,
ಕನ್ನಡಕ ಕಳಿಸಿದವಳು