ಸೀಟಿಲ್ಲದ ಗಾಡಿಗೆ ಸೀಟು

ಅಪ್ಪಾ,

ಬೆಳಗ್ಗೆ ಪತ್ರಾಸಿನ ಶೆಡ್ಡಿನ ಬಾಗಿಲು ತೆರೆದು ನೋಡಿದೆ. ನನ್ನ ಟ್ರಯಲ್ಸ್ ಸ್ಪರ್ಧೆಯ ಬೈಕಿಗೆ ಉದ್ದನೆಯ ಸೀಟು! ಪಕ್ಕಕ್ಕೆ ಸೀರೆ ಗಾರ್ಡು ಬೇರೆ!

ಈ ಗಾಡಿಗೆ ಸೀಟು ಇರುವುದೇ ಇಲ್ಲ ಅಪ್ಪಾ. ನಿನ್ನ ಗಾಡಿ ಕೂತು ಸಂತೆಗೆ ಹೋಗುವುದಕ್ಕೆ, ನನ್ನದು ನಿಂತು ಬಂಡೆ ಹತ್ತುವುದಕ್ಕೆ. ಎಷ್ಟು ಸಲ ಹೇಳಿಲ್ಲ? "ಅಣ್ಣಾರಾಯನ ಮಗಳು ಸೀಟ್ ಇಲ್ದ ಗಾಡಿ ತಂದಾಳ" ಅಂತ ಊರವರು ನಕ್ಕರೆ, ನನ್ನನ್ನು ಒಂದು ಮಾತೂ ಕೇಳದೆ ವೆಲ್ಡಿಂಗ್ ಮಾಡಿಸಿಬಿಡುವುದೇ? ರವಿವಾರ ನನ್ನ ಸ್ಪರ್ಧೆ ಇದೆ.

ಆಳಂದದ ಆ ವೆಲ್ಡಿಂಗಿನವನನ್ನು ಸಂಜೆಗೆ ಕರೆಸು. ಮೊದಲು ಪೆಟ್ರೋಲ್ ಟ್ಯಾಂಕ್ ಬಿಚ್ಚಿಸು. ಸೀಟು ಕತ್ತರಿಸುವಾಗ ಫ್ರೇಮಿಗೆ ಪೆಟ್ಟಾಗಬಾರದು, ನೀನೇ ಹತ್ತಿರ ನಿಲ್ಲು.

ರೊಟ್ಟಿ ಬುಟ್ಟಿಯಲ್ಲಿದೆ. ಹೊಲದಿಂದ ಬಂದ ಕೂಡಲೇ ಉಣ್ಣು.

ನೀನು ಬರುವಾಗ ಗಾಡಿ ಮನೆಯಲ್ಲಿರುವುದಿಲ್ಲ. ಅದು ಬಂದಾಗಿನಿಂದ ಅದರ ಕಡೆ ತಿರುಗಿಯೂ ನೋಡದ ಅವ್ವ, ಇವತ್ತು ಇಳಕಲ್ ಸೀರೆ ಉಟ್ಟು ಬಂದು ಹಿಂದೆ ಕೂತುಬಿಟ್ಟಳು. "ಈಗ ಗಾಡಿ ಅನ್ಸಾಕತ್ತದ ನೋಡ್ ಬೇ. ಖಜೂರಿಗಿ ನಡಿ, ನಮ್ಮಣ್ಣ ನೋಡ್ಲಿ" ಅನ್ನುತ್ತಿದ್ದಾಳೆ. ಕರೆದುಕೊಂಡು ಹೊರಟಿದ್ದೇನೆ, ಸಂಜೆಯೊಳಗೆ ಬರುತ್ತೇವೆ.

ಸಂಜೆ ಸೀಟು ಕತ್ತರಿಸುವ ವಿಷಯ ಅವಳಿಗೆ ನೀನೇ ಹೇಳು. ನನ್ನಿಂದಾಗದು.

ಮೈತ್ರಿ